ನಾಲ್ಕು ಮಿಲಿಗ್ರಾಂ

28 ಸೆಪ್ಟೆಂಬರ್ 2024, ಶನಿವಾರ
ಶಿವಮೊಗ್ಗ

ಬಲಗಡೆ ಕೆಳದವಡೆಯ ಬುದ್ಧಿ ಹಲ್ಲನ್ನು ತೆಗೆಸಲೇಬೇಕು ಎಂದು ಇವತ್ತು ತೀರ್ಮಾನವಾಯಿತು. ಸರ್ಜನ್ ಮೇಡಂ ಒಪಿಜಿ ಎಕ್ಸ್-ರೇಯನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಹಲ್ಲು ನೆಟ್ಟಗೆ ನಿಂತಿಲ್ಲ. ಮುಂದಕ್ಕೆ ವಾಲಿ ಪಕ್ಕದ ಹಲ್ಲಿನ ಬೆನ್ನಿಗೆ ಒತ್ತಿಕೊಂಡಿದೆ. ಅರ್ಧ ಒಸಡಿನ ಕೆಳಗೆ, ಇನ್ನರ್ಧ ಮೂಳೆಯೊಳಗೆ. ಬೇರಿನ ತುದಿಯ ಕೆಳಗೆ ಎರಡು ತೆಳ್ಳನೆಯ ಬಿಳಿ ಗೆರೆ. ಅವುಗಳ ನಡುವಿನ ಹಾದಿಯಲ್ಲಿ ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶ ತಿಳಿಸುವ ನರ ಹಾದುಹೋಗುತ್ತದೆ. ಬೇರಿಗೂ ನರಕ್ಕೂ ನಡುವೆ ಸಾಕಷ್ಟು ಜಾಗವಿದೆ ಎಂದರು. ಅದೊಂದು ಸಮಾಧಾನ.

ಒಸಡಿನ ಮಡಿಕೆಯಡಿ ಅನ್ನದಗುಳು ಸಿಕ್ಕಿ ಪದೇ ಪದೇ ಬಾವು ಬರುತ್ತಿದೆ. ಪ್ರತಿ ಸಲವೂ ಆಂಟಿಬಯೋಟಿಕ್ ನುಂಗುವುದು, ಇಳಿಯುವುದು, ಮತ್ತೆ ಬರುವುದು. ದಸರಾ ರಜೆಯಲ್ಲಿ ತೆಗೆಸಿಕೊಂಡರೆ ಪಾಠಕ್ಕೆ ತೊಂದರೆ ಆಗುವುದಿಲ್ಲ.

ನನ್ನ ಭಯ ಹಲ್ಲು ಕೀಳಿಸುವುದರದ್ದಲ್ಲ. 2022ರಲ್ಲಿ ಎಡಗಡೆಯದನ್ನು ಬೇರೆ ಊರಿನಲ್ಲಿ ತೆಗೆಸಿದ್ದೆ. ಕೀಳುವಾಗ ಏನೂ ಗೊತ್ತಾಗಲಿಲ್ಲ, ಕಷ್ಟವೆಲ್ಲ ಆಮೇಲೆ. ಕೆನ್ನೆ ಊದಿ, ಊತ ಕಣ್ಣಿನ ಕೆಳಗಿನವರೆಗೂ ಏರಿತ್ತು. ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಅಮ್ಮ ಗಂಜಿಯನ್ನು ಸೋಸಿ, ಚಿಕ್ಕ ಚಮಚವನ್ನು ಅಡ್ಡ ಹಿಡಿದು ತುಟಿಯ ಸಂದಿಯಿಂದ ಬಿಡುತ್ತಿದ್ದಳು. ಕಾಲೇಜಿಗೆ ಹೋದ ಮೇಲೂ ಮಾತು ಆಡಲಾಗದೆ ಬೋರ್ಡಿನ ಮೇಲೆ ಬರೆದು ತರಗತಿ ಮುಗಿಸುತ್ತಿದ್ದೆ.

ಇದನ್ನೆಲ್ಲ ಹೇಳಿದಾಗ ಮೇಡಂ ಅಂದರು: “ಅದು ಯಾರ ತಪ್ಪೂ ಅಲ್ಲಮ್ಮ. ಮೂಳೆ ಕೊರೆದ ಮೇಲೆ ಊತ ಬರೋದು ಸಹಜ. ಎರಡರಿಂದ ಮೂರು ದಿನಕ್ಕೆ ಅದು ಹೆಚ್ಚಾಗುತ್ತೆ, ಆಮೇಲೆ ತಾನೇ ಇಳಿಯುತ್ತೆ. ಆದರೆ ಕಡಿಮೆ ಮಾಡೋಕೆ ಒಂದು ದಾರಿ ಇದೆ. ಡೆಕ್ಸಾಮೆಥಾಸೋನ್ ಅಂತ, ಸ್ಟೆರಾಯ್ಡ್. ಒಂದೇ ಸಲ, ನಾಲ್ಕು ಮಿಲಿಗ್ರಾಂ. ಮನೇಲಿ ಮಾತಾಡಿ ಬನ್ನಿ. ಒಪ್ಪಿಗೆ ಇದ್ದರೆ ಮಾತ್ರ.”

ಸ್ಟೆರಾಯ್ಡ್ ಎಂಬ ಪದ ಕೇಳಿದ ಕೂಡಲೇ ನನಗೆ ದೊಡ್ಡಪ್ಪನ ಮುಖ ಕಣ್ಣಮುಂದೆ ಬಂತು.

29 ಸೆಪ್ಟೆಂಬರ್, ಭಾನುವಾರ

ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವಳು ಮಣೆ ಪಕ್ಕಕ್ಕಿಟ್ಟು, “ಸ್ಟೆರಾಯ್ಡಾ? ಬೇಡವೇ ಬೇಡ. ನಮ್ಮನೇಲಿ ಒಂದು ಕಣ್ಣು ಹೋಗಿದ್ದು ಸಾಲದಾ?” ಎಂದಳು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸಾಗರಕ್ಕೆ ತಲುಪಿ ದೊಡ್ಡಪ್ಪನ ಫೋನೂ ಬಂತು. “ಕೂಸೇ, ನಾನು ಒಂದು ಮಾತು ಹೇಳ್ತೀನಿ. ಊತ ಬಂದ್ರೆ ಬರಲಿ. ಅದು ಇಳಿಯುತ್ತೆ. ಆ ಔಷಧಿ ತಗೋಬೇಡ.”

2021ರ ಮೇ ತಿಂಗಳು. ದೊಡ್ಡಪ್ಪನಿಗೆ ಕೋವಿಡ್ ಆಗಿತ್ತು. ಉಸಿರಾಟಕ್ಕೇನೂ ತೊಂದರೆ ಇರಲಿಲ್ಲ, ಆಕ್ಸಿಜನ್ ಬೇಕಾಗಿರಲಿಲ್ಲ. ಆದರೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದ್ದ ಒಂದು ಚೀಟಿಯ ಫೋಟೊ ಅವರ ಕೈಗೂ ಬಂತು. ಅದರಲ್ಲಿದ್ದ ಸ್ಟೆರಾಯ್ಡ್ ಗುಳಿಗೆಯನ್ನು ಮೆಡಿಕಲ್ ಶಾಪಿನಿಂದ ತಂದು, ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ನುಂಗಿದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಅದು ಎಷ್ಟು ಏರಿತ್ತೆಂದು ನೋಡುವವರಿರಲಿಲ್ಲ. ಮೊದಲು ಕೆನ್ನೆ ಜೋಮು ಹಿಡಿಯಿತು. ಆಮೇಲೆ ಮೇಲಿನ ಹಲ್ಲುಗಳು ಅಲ್ಲಾಡತೊಡಗಿದವು. ಆಮೇಲೆ ಕಣ್ಣು ಮುಚ್ಚಿತು. ಮ್ಯೂಕರ್‌ಮೈಕೋಸಿಸ್. ಪತ್ರಿಕೆಗಳು ಕಪ್ಪು ಶಿಲೀಂಧ್ರ ಎಂದು ಬರೆಯುತ್ತಿದ್ದ ಕಾಯಿಲೆ. ಆಂಫೊಟೆರಿಸಿನ್-ಬಿ ಇಂಜೆಕ್ಷನ್ನಿಗಾಗಿ ಅಣ್ಣ ಊರೂರು ಅಲೆದ. ಜೀವ ಉಳಿಯಿತು, ಎಡಗಣ್ಣು ಉಳಿಯಲಿಲ್ಲ.

ಇಂಥ ಮನೆಯಲ್ಲಿ ಆ ಪದಕ್ಕೆ ಹೆದರುವುದು ಅಜ್ಞಾನವಲ್ಲ. ಕಂಡು ಅನುಭವಿಸಿದವರ ಮಾತು ಅದು. ಅದಕ್ಕೆ ಉತ್ತರ ಕೊಡಬೇಕಾದರೆ ನಾನು ಸರಿಯಾಗಿ ತಿಳಿದುಕೊಂಡೇ ಕೊಡಬೇಕು.

2 ಅಕ್ಟೋಬರ್, ಬುಧವಾರ

ಗಾಂಧಿ ಜಯಂತಿ. ಕಾಲೇಜಿನ ಕಾರ್ಯಕ್ರಮ ಮುಗಿಸಿ ಬಂದು ಇಡೀ ಮಧ್ಯಾಹ್ನ ಓದಿದೆ.

ಪ್ರಥಮ ಪಿಯುಸಿಯ ಜೀವಶಾಸ್ತ್ರದಲ್ಲಿ ಪ್ರತಿ ವರ್ಷ ಇದನ್ನೇ ಪಾಠ ಮಾಡುತ್ತೇನೆ: ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿ, ಅದರ ಹೊರಪದರದಿಂದ ಸ್ರವಿಸುವ ಕಾರ್ಟಿಸಾಲ್, ಅದಕ್ಕಿರುವ ಉರಿಯೂತ ತಗ್ಗಿಸುವ ಗುಣ. ಸ್ಟೆರಾಯ್ಡ್ ಹಾರ್ಮೋನು ಜೀವಕೋಶದ ಪೊರೆಯ ಹೊರಗೆ ನಿಲ್ಲುವುದಿಲ್ಲ. ಒಳಹೊಕ್ಕು, ಗ್ರಾಹಕವನ್ನು ಹಿಡಿದು, ಕೋಶಕೇಂದ್ರಕ್ಕೆ ಹೋಗಿ ವಂಶವಾಹಿಗಳ ಕೆಲಸವನ್ನೇ ಬದಲಿಸುತ್ತದೆ. ಮಕ್ಕಳು ಪರೀಕ್ಷೆಯಲ್ಲಿ ಇದನ್ನು ಚೆನ್ನಾಗಿಯೇ ಬರೆಯುತ್ತಾರೆ. ಅದೇ ಮಕ್ಕಳು ಜಿಮ್ಮಿನಲ್ಲಿ ಮೈ ಬೆಳೆಸಲು ಚುಚ್ಚಿಕೊಳ್ಳುವುದೂ ಇದೇ ಸ್ಟೆರಾಯ್ಡ್ ಎಂದುಕೊಂಡಿರುತ್ತಾರೆ. ಅದು ಬೇರೆ, ಗಂಡು ಹಾರ್ಮೋನಿನ ಜಾತಿಯದು. ಹಲ್ಲಿನ ಡಾಕ್ಟರು ಕೊಡುವುದು ಕಾರ್ಟಿಸಾಲಿನ ಜಾತಿಯದು.

ಕಾರ್ಟಿಸೋನ್ ಔಷಧವಾದ ಕಥೆ ರೋಮಾಂಚಕ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ 1948ರ ಸೆಪ್ಟೆಂಬರಿನಲ್ಲಿ ಫಿಲಿಪ್ ಹೆಂಚ್ ಅದನ್ನು ತೀವ್ರ ಸಂಧಿವಾತದಿಂದ ನರಳುತ್ತಿದ್ದ ಒಬ್ಬ ತರುಣಿಗೆ ಮೊದಲ ಬಾರಿ ಕೊಟ್ಟರು. ಮಗ್ಗುಲು ಬದಲಿಸಲೂ ಕಷ್ಟಪಡುತ್ತಿದ್ದವಳು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. 1950ರಲ್ಲೇ ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಷ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆದರೆ ತಿಂಗಳುಗಟ್ಟಲೆ ಕೊಟ್ಟವರಲ್ಲಿ ಮುಖ ಬಾತುಕೊಂಡಿತು, ಮೂಳೆ ಸವೆಯಿತು, ಸಕ್ಕರೆ ಏರಿತು, ಸೋಂಕುಗಳು ಹೊಕ್ಕವು. ಔಷಧದ ಎರಡೂ ಮುಖಗಳು ಮೊದಲ ಕೆಲವೇ ವರ್ಷಗಳಲ್ಲಿ ಕಂಡುಬಿಟ್ಟಿದ್ದವು.

ಡೆಕ್ಸಾಮೆಥಾಸೋನ್ ಬಂದದ್ದು 1950ರ ದಶಕದ ಕೊನೆಯಲ್ಲಿ. ಬಲು ಪ್ರಬಲ: 20 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಮಾಡುವ ಕೆಲಸಕ್ಕೆ ಇದು 0.75 ಮಿಲಿಗ್ರಾಂ ಸಾಕು. ಪ್ರಭಾವ ಒಂದೂವರೆ ದಿನದಿಂದ ಎರಡು ದಿನದವರೆಗೆ ಉಳಿಯುತ್ತದೆ. ಹಲ್ಲು ತೆಗೆದ ಮೇಲೆ ಊತ ಏರುವುದೂ ಹೆಚ್ಚುಕಡಿಮೆ ಅದೇ ಅವಧಿಯಲ್ಲಿ. ಒಂದೇ ಡೋಸ್ ಸಾಕಾಗುವ ಗುಟ್ಟು ಅಲ್ಲಿದೆ.

ಊತ ಹುಟ್ಟುವ ಬಗೆ ಹೀಗೆ: ಅಂಗಾಂಶಕ್ಕೆ ಪೆಟ್ಟಾದಾಗ ಜೀವಕೋಶದ ಪೊರೆಯ ಕೊಬ್ಬಿನಿಂದ ಅರಾಕಿಡಾನಿಕ್ ಆಮ್ಲ ಬಿಡುಗಡೆಯಾಗುತ್ತದೆ. ಅದರಿಂದ ಪ್ರೊಸ್ಟಗ್ಲಾಂಡಿನ್ ಮತ್ತಿತರ ರಾಸಾಯನಿಕಗಳು ತಯಾರಾಗುತ್ತವೆ. ರಕ್ತನಾಳಗಳು ಸಡಿಲವಾಗಿ ದ್ರವ ಸೋರುತ್ತದೆ, ಅದೇ ಊತ. ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ಪ್ರೊಸ್ಟಗ್ಲಾಂಡಿನ್ ತಯಾರಾಗುವ ಹಂತವನ್ನು ತಡೆಯುತ್ತದೆ. ಸ್ಟೆರಾಯ್ಡ್ ಅದಕ್ಕಿಂತ ಮೇಲೆ, ಆಮ್ಲ ಬಿಡುಗಡೆಯಾಗುವ ಹಂತದಲ್ಲೇ ತಡೆಯುತ್ತದೆ. ಗದ್ದೆಯ ಕಾಲುವೆಗೆ ಮಣ್ಣು ಹಾಕುವುದಕ್ಕೂ ಕೆರೆಯ ತೂಬನ್ನೇ ಮುಚ್ಚುವುದಕ್ಕೂ ಇರುವ ವ್ಯತ್ಯಾಸ ಇದು. ತೂಬು ಮುಚ್ಚಿದರೆ ಕೆಳಗಿನ ಎಲ್ಲ ಗದ್ದೆಗಳಿಗೂ ನೀರು ನಿಲ್ಲುತ್ತದೆ, ಬೇಕಾದ ಗದ್ದೆಗೂ ಸೇರಿ. ದಿನಗಟ್ಟಲೆ ಮುಚ್ಚಿಟ್ಟರೆ ಬೆಳೆ ಒಣಗುತ್ತದೆ. ದೊಡ್ಡಪ್ಪನಿಗೆ ಆದದ್ದು ಅದೇ.

ವಂಶವಾಹಿಗಳ ಮೂಲಕ ಕೆಲಸ ಮಾಡುವುದರಿಂದ ಈ ಔಷಧಕ್ಕೆ ಕೆಲವು ಗಂಟೆಗಳ ಸಮಯ ಬೇಕು. ಊತ ಬಂದ ಮೇಲೆ ಓಡಿಹೋಗಿ ಚುಚ್ಚಿಸಿಕೊಳ್ಳುವುದಕ್ಕಿಂತ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೊಡುವುದು ಒಳ್ಳೆಯದು ಎಂಬ ಕಡೆಗೆ ಹೆಚ್ಚಿನ ಅಧ್ಯಯನಗಳ ಒಲವಿದೆ.

4 ಅಕ್ಟೋಬರ್, ಶುಕ್ರವಾರ

ದೊಡ್ಡಪ್ಪ ಬೆಳಗಿನ ಬಸ್ಸಿಗೆ ಸಾಗರದಿಂದ ಬಂದೇಬಿಟ್ಟರು. “ಡಾಕ್ಟ್ರ ಹತ್ರ ನಾನೇ ಮಾತಾಡ್ತೀನಿ” ಎಂದರು. ಬೇಡ ಎನ್ನುವ ಮನಸ್ಸಾಗಲಿಲ್ಲ.

ಕ್ಲಿನಿಕ್ಕಿನಲ್ಲಿ ನಮಗಿಂತ ಮುಂಚೆ ಹೊಸನಗರ ಕಡೆಯ ಒಬ್ಬ ಅಡಿಕೆ ಬೆಳೆಗಾರರಿದ್ದರು. ಅವರದೂ ಬುದ್ಧಿ ಹಲ್ಲೇ. ಸಿಸ್ಟರ್ ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ನೋಡಿದಾಗ ಸಕ್ಕರೆ 280 ದಾಟಿತ್ತು. ಮೇಡಂ ಹೊರಗೆ ಬಂದು, “ಯಜಮಾನ್ರೇ, ಇವತ್ತು ಹಲ್ಲೂ ತೆಗೆಯಲ್ಲ, ಊತದ ಇಂಜೆಕ್ಷನ್ನೂ ಕೊಡಲ್ಲ. ಮೊದಲು ನಿಮ್ಮ ಡಾಕ್ಟ್ರನ್ನ ಕಂಡು ಸಕ್ಕರೆ ಹತೋಟಿಗೆ ತನ್ನಿ. ಆಮೇಲೆ ತೆಗೆದಾಗಲೂ ನಿಮಗೆ ಐಸ್ ಮತ್ತು ಪ್ಯಾರಾಸಿಟಮಾಲ್ ಸಾಕು” ಎಂದರು. ಅವರು ಸ್ವಲ್ಪ ಬೇಸರದಿಂದಲೇ ಎದ್ದು ಹೋದರು. ಆದರೆ ಅದನ್ನು ನೋಡಿದ ದೊಡ್ಡಪ್ಪನ ಮುಖ ಸ್ವಲ್ಪ ಸಡಿಲವಾಯಿತು.

ಒಳಗೆ ಹೋದಾಗ ದೊಡ್ಡಪ್ಪ ಕಪ್ಪು ಕನ್ನಡಕ ತೆಗೆದರು. ಏನೂ ಹೇಳಲಿಲ್ಲ. ಮೇಡಂ ಒಂದು ಕ್ಷಣ ನೋಡಿ, “ಇಪ್ಪತ್ತೊಂದರಲ್ಲಾ?” ಎಂದು ಕೇಳಿದರು. ದೊಡ್ಡಪ್ಪ ತಲೆ ಆಡಿಸಿದರು.

ಆಗ ಮೇಡಂ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಆ ವರ್ಷ ಅವರು ದೊಡ್ಡ ಆಸ್ಪತ್ರೆಯೊಂದರಲ್ಲಿ ಕಿವಿ-ಮೂಗು-ಗಂಟಲು ತಜ್ಞರ ಜೊತೆ ಸೇರಿ ಮ್ಯೂಕರ್ ರೋಗಿಗಳ ಮೇಲ್ದವಡೆ ತೆಗೆಯುವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. “ಮೂಳೆ ಕೈಗೆ ಬಂದಾಗ ಕಪ್ಪಾಗಿರೋದು. ರಕ್ತಾನೇ ಬರ್ತಿರಲಿಲ್ಲ. ಎಷ್ಟು ಜನಕ್ಕೆ ಮಾಡಿದೆ ಅಂತ ನೆನಪಿಟ್ಟುಕೊಳ್ಳೋಕೂ ಮನಸ್ಸಾಗಲ್ಲ. ಹಾಗಾಗಿ ಸ್ಟೆರಾಯ್ಡ್ ಏನು ಮಾಡುತ್ತೆ ಅನ್ನೋದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ.”

ದೊಡ್ಡಪ್ಪ ಕೇಳಿದರು: “ಮತ್ತೆ ನಮ್ಮ ಹುಡುಗಿಗೆ ಯಾಕೆ ಕೊಡ್ತೀರಿ ಮೇಡಂ?”

“ಅದೇ ಡೆಕ್ಸಾಮೆಥಾಸೋನ್ ಕೋವಿಡ್‌ನಲ್ಲಿ ಜೀವಾನೂ ಉಳಿಸಿದೆ” ಎಂದು ಅವರು ವಿವರಿಸಿದರು. 2020ರ ಜೂನಿನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ ತೋರಿಸಿದ್ದು ಅದನ್ನೇ: ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಕೊಟ್ಟಾಗ ವೆಂಟಿಲೇಟರಿನಲ್ಲಿದ್ದವರ ಸಾವು ಮೂರನೇ ಒಂದರಷ್ಟು, ಆಕ್ಸಿಜನ್ ಪಡೆಯುತ್ತಿದ್ದವರ ಸಾವು ಐದನೇ ಒಂದರಷ್ಟು ಕಡಿಮೆಯಾಯಿತು. ಆಕ್ಸಿಜನ್ ಬೇಕಿಲ್ಲದವರಿಗೆ ಯಾವ ಪ್ರಯೋಜನವೂ ಕಾಣಲಿಲ್ಲ. “ನಿಮಗೆ ಬೇಕಾಗಿರಲಿಲ್ಲ ಯಜಮಾನ್ರೇ. ಬೇಕಾಗಿಲ್ಲದೆ ತಗೊಂಡ್ರಿ, ವಾರಗಟ್ಟಲೆ ತಗೊಂಡ್ರಿ, ಸಕ್ಕರೆ ನೋಡದೆ ತಗೊಂಡ್ರಿ. ಇವರಿಗೆ ಸಕ್ಕರೆ ಇಲ್ಲ, ಹೊಟ್ಟೆ ಹುಣ್ಣಿಲ್ಲ, ಟಿಬಿ ಇರಲಿಲ್ಲ, ಈಗ ಬಾಯಲ್ಲಿ ಕೀವಿಲ್ಲ. ನಾನು ಕೊಡೋದು ಒಂದೇ ಸಲ.”

ಆಮೇಲೆ ನನ್ನ ಪ್ರಶ್ನೆಗಳು. ಗುಳಿಗೆ ಯಾಕಲ್ಲ, ಇಂಜೆಕ್ಷನ್ ಯಾಕೆ? ಗುಳಿಗೆಯಾಗಿಯೂ ಕೊಡಬಹುದು, ರಕ್ತನಾಳಕ್ಕೂ ಕೊಡಬಹುದು, ತೋಳಿಗೆ ಅಥವಾ ಅಗಿಯುವ ಮಾಸೆಟರ್ ಸ್ನಾಯುವಿಗೂ ಚುಚ್ಚಬಹುದು. ಅವರು ಇಷ್ಟಪಡುವುದು ಹಲ್ಲಿನ ಪಕ್ಕದಲ್ಲೇ, ಬಾಯಿಯ ಒಳಪೊರೆಯ ಅಡಿಗೆ ಕೊಡುವುದನ್ನು. ಆ ಜಾಗ ಆಗಲೇ ಮರಗಟ್ಟಿರುವುದರಿಂದ ಚುಚ್ಚಿದ್ದು ತಿಳಿಯುವುದಿಲ್ಲ, ಔಷಧವೂ ಬೇಕಾದ ಕಡೆಯೇ ಇರುತ್ತದೆ. ಮರಗಟ್ಟಿಸುವ ಲಿಗ್ನೋಕೇನಿನೊಂದಿಗೇ ಬೆರೆಸಿ ಕೊಡುವ ವಿಧಾನವನ್ನು ನಮ್ಮ ದೇಶದ ಸರ್ಜನ್ನರು ಪ್ರಯೋಗಿಸಿ ಪ್ರಕಟಿಸಿದ್ದಾರೆ ಎಂದೂ ಹೇಳಿದರು.

ನೋವು ಇರುವುದಿಲ್ಲವೇ? “ಇರುತ್ತೆ. ಊತಕ್ಕೆ ಮತ್ತು ಬಾಯಿ ಬಿಗಿತಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತೆ. ನೋವಿಗೆ ಅಷ್ಟು ಖಚಿತವಾಗಿ ಹೇಳೋಕಾಗಲ್ಲ. ನೋವಿನ ಗುಳಿಗೆ ಬೇಕೇ ಬೇಕು. ಮತ್ತೆ ಇದು ಆಂಟಿಬಯೋಟಿಕ್ ಅಲ್ಲ, ನರಕ್ಕೆ ರಕ್ಷಣೆಯಲ್ಲ. ಬಾಯಿ ಶುಚಿಯಾಗಿ ಇಟ್ಟುಕೊಳ್ಳದಿದ್ದರೆ ಯಾವ ಇಂಜೆಕ್ಷನ್ನೂ ಕಾಯಲ್ಲ.”

ಇಷ್ಟು ಬಿಚ್ಚಿ ಹೇಳುವ ಡಾಕ್ಟರು ಸಿಕ್ಕರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಹೊರಗೆ ಬಂದ ಮೇಲೆ ದೊಡ್ಡಪ್ಪ ಕನ್ನಡಕ ಹಾಕಿಕೊಂಡು, “ಮಾಡಿಸ್ಕೋ ಕೂಸೇ. ಆದ್ರೆ ಒಂದೇ ಸಲ” ಎಂದರು.

7 ಅಕ್ಟೋಬರ್, ಸೋಮವಾರ

ಬೆಳಿಗ್ಗೆಯೇ ಆಯಿತು. ಬೆಳಗಿನ ಹೊತ್ತಿಗೆ ಇಟ್ಟದ್ದಕ್ಕೂ ಕಾರಣವಿದೆ: ರಾತ್ರಿ ಕೊಟ್ಟರೆ ಈ ಔಷಧ ನಿದ್ದೆ ಕೆಡಿಸುತ್ತದೆ.

ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಿದ ಮೇಲೆ ಸಹಾಯಕ ಡಾಕ್ಟರು ಒಂದು ರೇಷ್ಮೆ ದಾರವನ್ನು ನನ್ನ ಕಿವಿಯ ಮುಂದಿನಿಂದ ಬಾಯಿಯ ಮೂಲೆಯವರೆಗೆ ಕೆನ್ನೆಯ ಮೇಲೆ ಮಲಗಿಸಿ, ಉಗುರಿನಿಂದ ಗುರುತು ಹಿಡಿದು, ಸ್ಕೇಲಿನ ಮೇಲಿಟ್ಟು ಬರೆದುಕೊಂಡರು. ಆಮೇಲೆ ಬಾಯಿ ಪೂರ್ತಿ ತೆರೆಸಿ ಮೇಲಿನ ಕೆಳಗಿನ ಮುಂಬಲ್ಲುಗಳ ಅಂತರ ನೋಡಿದರು: 42 ಮಿಲಿಮೀಟರ್. ಊತವನ್ನೂ ಬಿಗಿತವನ್ನೂ ಅಳೆಯುವ ಕ್ರಮ ಇಷ್ಟು ಸರಳ. ಅಧ್ಯಯನಗಳಲ್ಲೂ ಹೀಗೆಯೇ ಅಳೆಯುತ್ತಾರಂತೆ.

ದವಡೆಯ ಹಿಂಬದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಕೆಳತುಟಿ ದಪ್ಪಗಾದಂತೆ ಅನ್ನಿಸಿ, ನಾಲಿಗೆಯ ಒಂದು ಪಕ್ಕ ಇಲ್ಲವಾಯಿತು. ಆಗ ಮೇಡಂ ರಬ್ಬರ್ ಮುಚ್ಚಳದ ಪುಟ್ಟ ಗಾಜಿನ ಸೀಸೆಯನ್ನು ನನ್ನ ಕಣ್ಣೆದುರು ಹಿಡಿದು, “ಓದಿ” ಎಂದರು. ಡೆಕ್ಸಾಮೆಥಾಸೋನ್ ಸೋಡಿಯಂ ಫಾಸ್ಫೇಟ್, ಒಂದು ಎಂಎಲ್‌ಗೆ 4 ಮಿಲಿಗ್ರಾಂ. ಅವಧಿ ಮುಗಿಯುವ ದಿನಾಂಕವನ್ನೂ ಓದಿಸಿದರು. ನೀರಿನಷ್ಟು ತಿಳಿಯಾದ ದ್ರವ. ಸಿರಿಂಜಿಗೆ ಒಂದು ಎಂಎಲ್ ಎಳೆದು ಒಸಡಿನ ಹೊರಮಗ್ಗುಲಿನ ಪೊರೆಯಡಿಗೆ ನಿಧಾನವಾಗಿ ಬಿಟ್ಟರು. ಒತ್ತಿದ್ದು ತಿಳಿಯಿತು, ಚುಚ್ಚಿದ್ದು ತಿಳಿಯಲಿಲ್ಲ.

ಉಳಿದದ್ದನ್ನು ಕಿವಿಯಿಂದಲೇ ಗ್ರಹಿಸಿದೆ. ಮೂಳೆ ಕೊರೆಯುವ ಸದ್ದು ತಲೆಬುರುಡೆಯೊಳಗಿಂದಲೇ ಕೇಳುತ್ತದೆ. ಬಿಸಿಯಾಗದಿರಲೆಂದು ಎಡೆಬಿಡದೆ ಸಲೈನ್ ಹಾಯಿಸುತ್ತಿದ್ದರು. ಹಲ್ಲನ್ನು ಎರಡು ತುಂಡು ಮಾಡಿದಾಗ ಲಟಕ್ಕೆಂದಿತು. ಮೊದಲು ತಲೆ, ಆಮೇಲೆ ಬೇರು ಬಂತು. ಕಪ್ಪು ದಾರದಲ್ಲಿ ಹೊಲಿಗೆ ಹಾಕಿ, ಗಾಜ್ ಕಚ್ಚಿಸಿ ಕಳಿಸಿದರು. ಉಗುಳಬಾರದು, ಸ್ಟ್ರಾ ಹಾಕಿ ಹೀರಬಾರದು. ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಒಣಗುಳಿಯ ನೋವು ಶುರುವಾಗುತ್ತದೆ. ಇವತ್ತು ಬಿಸಿ ಏನೂ ಕೂಡದು. ಅಮ್ಮ ಒಂದೆಲಗದ ತಂಬುಳಿ ಮಾಡಿ ತಣ್ಣಗಿಟ್ಟಿದ್ದಳು. ಅಗಿಯದೆ ನುಂಗುವುದಕ್ಕೆ ಅದಕ್ಕಿಂತ ಹಿತವಾದದ್ದಿಲ್ಲ.

8 ಅಕ್ಟೋಬರ್, ಮಂಗಳವಾರ

ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ನೋವಿಗಾಗಿ ಅಲ್ಲ, ಸುಮ್ಮನೆ ಎಚ್ಚರ. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಎರಡೂ ಕೆನ್ನೆ ಕೆಂಪಗಿತ್ತು. ಇವೆರಡೂ ಔಷಧದ್ದೇ ಎಂದು ಮೇಡಂ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಹೇಳದೆ ಇದ್ದಿದ್ದರೆ ಅಮ್ಮ ಇಷ್ಟು ಹೊತ್ತಿಗೆ ಸಾಗರಕ್ಕೆ ಫೋನ್ ಮಾಡಿರುತ್ತಿದ್ದಳು.

ಬಲಗೆನ್ನೆ ತುಸು ತುಂಬಿಕೊಂಡಿದೆ, ಅಷ್ಟೇ. ಇವತ್ತಿನಿಂದ ಉಗುರುಬೆಚ್ಚಗಿನ ಉಪ್ಪುನೀರು. ನೋವಿನ ಗುಳಿಗೆ ತಪ್ಪಿಸಿದರೆ ನೋವು ಚೆನ್ನಾಗಿಯೇ ತಿಳಿಯುತ್ತದೆ. ಹಾಗಾಗಿ ಗಡಿಯಾರ ನೋಡಿಕೊಂಡೇ ನುಂಗುತ್ತಿದ್ದೇನೆ. ಐಬುಪ್ರೊಫೆನ್ ಮತ್ತು ಸ್ಟೆರಾಯ್ಡ್ ಎರಡೂ ಹೊಟ್ಟೆಯ ಪೊರೆಗೆ ಒಳ್ಳೆಯವಲ್ಲ ಎಂದು ಜೊತೆಗೆ ಪ್ಯಾಂಟೊಪ್ರಜೋಲ್ ಬರೆದುಕೊಟ್ಟಿದ್ದಾರೆ.

9 ಅಕ್ಟೋಬರ್, ಬುಧವಾರ

ಅಳೆದೆ. ಬಾಯಿ 30 ಮಿಲಿಮೀಟರ್ ತೆರೆಯುತ್ತಿದೆ. ಎರಡು ಬೆರಳು ಸಲೀಸಾಗಿ ಹೋಗುತ್ತವೆ. ಹೋದ ಸಲ ಈ ಹೊತ್ತಿಗೆ ಒಂದು ಬೆರಳೂ ಹೋಗುತ್ತಿರಲಿಲ್ಲ. ಹಾಲಲ್ಲಿ ನೆನೆಸಿದ ಇಡ್ಲಿಯನ್ನು ಮಾಮೂಲಿ ಚಮಚದಲ್ಲೇ ತಿಂದೆ. ಹಿಂದಿನ ಹಲ್ಲುಗಳವರೆಗೆ ಬ್ರಷ್ ಹೋಗುತ್ತದೆ, ಅದೇ ದೊಡ್ಡ ಲಾಭ. ಬಾಯಿ ತೆರೆದರೆ ಶುಚಿ ಮಾಡಬಹುದು. ಶುಚಿಯಾಗಿದ್ದರೆ ಗಾಯ ಮಾಯುತ್ತದೆ. ಊತ ಕಡಿಮೆ ಮಾಡುವುದು ಬರೀ ಅಂದಚೆಂದದ ಮಾತಲ್ಲ ಎಂದು ಮೇಡಂ ಅಂದದ್ದು ಇದಕ್ಕೇ.

ನನ್ನೊಬ್ಬಳ ಎರಡು ಕೆನ್ನೆಗಳ ಹೋಲಿಕೆಯಿಂದ ಏನೂ ಸಾಬೀತಾಗುವುದಿಲ್ಲ ಎಂಬುದೂ ಗೊತ್ತು. ಎಡಗಡೆಯ ಹಲ್ಲು ಇನ್ನೂ ಆಳದಲ್ಲಿತ್ತು, ಕೈಯೂ ಬೇರೆಯವರದು. ಆದರೆ ಅಧ್ಯಯನ ಮಾಡುವವರು ಇದನ್ನೇ ಶಿಸ್ತಿನಿಂದ ಮಾಡುತ್ತಾರೆ: ಎರಡೂ ಕಡೆ ಒಂದೇ ರೀತಿ ಹಲ್ಲಿರುವವರನ್ನು ಆರಿಸಿ, ಒಂದು ಬದಿಗೆ ಔಷಧ, ಇನ್ನೊಂದಕ್ಕೆ ಬರೀ ಸಲೈನ್ ಕೊಟ್ಟು, ಯಾವುದು ಯಾವುದೆಂದು ಅಳೆಯುವವರಿಗೂ ಹೇಳದೆ ಅಳೆಯುತ್ತಾರೆ. ಅಂಥವುಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೊದಲ ದಿನಗಳಲ್ಲಿ ಊತ ಮತ್ತು ಬಿಗಿತ ಕಡಿಮೆಯಾಗುತ್ತದೆ ಎಂಬುದು ಮತ್ತೆ ಮತ್ತೆ ಕಂಡಿದೆ.

10 ಅಕ್ಟೋಬರ್, ಗುರುವಾರ

ಇವತ್ತಿನ ಪುಟವನ್ನು ಮರೆಯಬಾರದು.

ಬೆಳಿಗ್ಗೆ ಕೆನ್ನೆ ನಿನ್ನೆಗಿಂತ ಸ್ವಲ್ಪ ದಪ್ಪಗೆ ಕಂಡಿತು. ಮೇಡಂಗೆ ಫೋನ್ ಮಾಡಿದೆ. “ಔಷಧದ ಪ್ರಭಾವ ಇಳೀತು, ಅದಕ್ಕೆ ಒಂಚೂರು ಏರುತ್ತೆ. ಜ್ವರ ಇದೆಯಾ? ಕೀವಿನ ವಾಸನೆ? ನುಂಗೋಕೆ ಕಷ್ಟ? ಇಲ್ಲ ಅಂದ್ರೆ ಸುಮ್ಮನಿರಿ, ನಾಳೆಯಿಂದ ಇಳಿಯುತ್ತೆ” ಎಂದರು.

ಆದರೆ ಅಮ್ಮ ಕೇಳಿದಳು: “ಅಷ್ಟು ಒಳ್ಳೇದಾಯ್ತಲ್ಲ, ಇನ್ನೊಂದು ಇಂಜೆಕ್ಷನ್ ಕೊಡಿಸಿಬಿಟ್ರೆ?” ಪಕ್ಕದ ಮನೆಯ ಅತ್ತೆ ಅದಕ್ಕೆ ಸೇರಿಸಿದರು: “ಇಂಜೆಕ್ಷನ್ ಯಾಕೆ, ಅದೇ ಗುಳಿಗೆ ಮೆಡಿಕಲ್ ಶಾಪಲ್ಲಿ ಸಿಗುತ್ತಲ್ಲ. ಮಂಡಿನೋವಿಗೆ ನಾನೂ ತಂದುಕೊಳ್ತೀನಿ.”

ಹತ್ತು ದಿನದ ಹಿಂದೆ ಆ ಹೆಸರು ಕೇಳಿ ಮಣೆ ಪಕ್ಕಕ್ಕಿಟ್ಟವಳು ನನ್ನಮ್ಮ. ಕಣ್ಣಿಗೆ ಕಾಣುವ ಗುಣ ಒಮ್ಮೆ ಕಂಡಿತೆಂದರೆ ಭಯ ಇಷ್ಟು ಬೇಗ ಆಸೆಯಾಗುತ್ತದೆ. ಹಳ್ಳಿಗಳಲ್ಲಿ ಮಂಡಿನೋವಿಗೆ, ಉಬ್ಬಸಕ್ಕೆ, ಚರ್ಮದ ತುರಿಕೆಗೆ “ಹೋದ ಸಲದ್ದೇ ಕೊಡಿ” ಎಂದು ಕೇಳಿ ಕೇಳಿ ತೆಗೆದುಕೊಳ್ಳುವುದು ಹೀಗೇ ಶುರುವಾಗುವುದು. ಡಾಕ್ಟರ ಚೀಟಿಯಿಲ್ಲದೆ ಇದನ್ನು ಮಾರಕೂಡದು ಎಂದು ಕಾನೂನಿದೆ, ಆದರೂ ಸಿಗುತ್ತದೆ. ಹೊರಗಿನಿಂದ ದಿನವೂ ಬರುತ್ತಿದ್ದರೆ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸಾಲ್ ಮಾಡುವುದನ್ನು ನಿಲ್ಲಿಸುತ್ತದೆ. ಆಮೇಲೆ ತಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಅತ್ತೆಗೆ ಕೂರಿಸಿ ಇದನ್ನು ಹೇಳಿದೆ. ನಾಳೆಯೇ ನಿಲ್ಲಿಸಿಬಿಡಬೇಡಿ, ಗುಳಿಗೆಯ ಪಟ್ಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ, ಅವರು ಹಂತಹಂತವಾಗಿ ಬಿಡಿಸುತ್ತಾರೆ ಎಂದೂ ಹೇಳಿದೆ. ಹಬ್ಬ ಮುಗಿದ ಮೇಲೆ ನಾನೇ ಕರೆದುಕೊಂಡು ಹೋಗುವುದೆಂದು ಮಾತಾಗಿದೆ.

12 ಅಕ್ಟೋಬರ್, ಶನಿವಾರ, ವಿಜಯದಶಮಿ

ಊತ ಇಳಿದಿದೆ. ಕೆನ್ನೆಯ ಮೇಲೆ ಹಳದಿ ಛಾಯೆ ಉಳಿದಿದೆ. ದೊಡ್ಡಪ್ಪ, ದೊಡ್ಡಮ್ಮ ಬಂದಿದ್ದರು. ಬನ್ನಿ ಕೊಟ್ಟು ಕಾಲಿಗೆ ಬಿದ್ದಾಗ ದೊಡ್ಡಪ್ಪ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಎರಡೂ ಕೆನ್ನೆ ನೋಡಿದರು. “ಸಕ್ಕರೆ ನೋಡಿದ್ರಾ?” ಎಂದು ಕೇಳಿದರು. ನೋಡಿದ್ದರು, ಸರಿಯಾಗಿತ್ತು. ಊಟಕ್ಕೆ ಎಲ್ಲರ ಜೊತೆ ಕೂತು ಮೆತ್ತಗಿನ ಅನ್ನ, ಸಾರು, ಆರಿದ ಶ್ಯಾವಿಗೆ ಪಾಯಸ. ಹೋಳಿಗೆ ಇನ್ನೂ ಬೇಡ.

ಅಮ್ಮನಿಗೂ ಸಕ್ಕರೆ ಇದೆ. ಮುಂದೊಂದು ದಿನ ಅವಳಿಗೇ ಇಂಥ ಇಂಜೆಕ್ಷನ್ ಬೇಕಾಗಬಹುದು ಎಂದು ಮೇಡಂ ಹತ್ತಿರ ಕೇಳಿಟ್ಟುಕೊಂಡಿದ್ದೇನೆ: ಸಕ್ಕರೆ ಹತೋಟಿಯಲ್ಲಿದ್ದು, ನಿಜವಾಗಿ ಅಗತ್ಯವಿದ್ದರೆ ಕೊಡುವುದುಂಟು, ಆದರೆ ಒಂದೆರಡು ದಿನ ಸಕ್ಕರೆ ಏರುತ್ತದೆ, ಮನೆಯಲ್ಲೇ ಗ್ಲೂಕೋಮೀಟರಿನಲ್ಲಿ ನೋಡುತ್ತಿರಬೇಕು, ಸಕ್ಕರೆಯ ಡಾಕ್ಟರಿಗೂ ಮೊದಲೇ ತಿಳಿಸಬೇಕು.

14 ಅಕ್ಟೋಬರ್, ಸೋಮವಾರ

ಹೊಲಿಗೆ ಬಿಚ್ಚಿದರು. ಬಾಯಿ 39 ಮಿಲಿಮೀಟರ್. ತುಟಿಗೂ ನಾಲಿಗೆಗೂ ಸ್ಪರ್ಶ ಸರಿಯಾಗಿದೆ. ಒಣಗುಳಿ ಆಗಿಲ್ಲ. ಗುಳಿ ಪೂರ್ತಿ ತುಂಬಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಊಟವಾದ ಮೇಲೆ ಪ್ರತಿ ಸಲವೂ ಮುಕ್ಕಳಿಸಬೇಕು. ಹೊಸನಗರದ ಆ ಯಜಮಾನರೂ ಇವತ್ತು ಬಂದಿದ್ದರು, ಕೈಯಲ್ಲಿ ಸಕ್ಕರೆಯ ವರದಿ ಹಿಡಿದುಕೊಂಡು. ಇಳಿಯುತ್ತಿದೆಯಂತೆ.

20 ಅಕ್ಟೋಬರ್, ಭಾನುವಾರ

ರಜೆ ಮುಗಿಯಿತು. ಗಟ್ಟಿಯಾಗಿ ಓದಿ ನೋಡಿದೆ. ದವಡೆ ಎಳೆಯುವುದಿಲ್ಲ, ಪಾಠ ಮಾಡಬಲ್ಲೆ. ಅತ್ತೆಯನ್ನು ಗುರುವಾರ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿದ್ದೆ. ಗುಳಿಗೆಯ ಪ್ರಮಾಣವನ್ನು ಇಳಿಸುತ್ತ ಬರಲು ಬರೆದುಕೊಟ್ಟಿದ್ದಾರೆ.

ಅಡ್ರಿನಲ್ ಗ್ರಂಥಿಯ ಪಾಠ ಈ ವರ್ಷ ಇನ್ನೂ ಬಾಕಿಯಿದೆ. ಅದರ ಜೊತೆಗೆ ಮಕ್ಕಳಿಗೆ ನಾಲ್ಕು ಪ್ರಶ್ನೆಗಳನ್ನು ಬರೆಸಬೇಕೆಂದಿದ್ದೇನೆ, ಮನೆಗೆ ಒಯ್ದು ಅಪ್ಪ ಅಮ್ಮನಿಗೆ ಓದಿ ಹೇಳಲಿ ಎಂದು. ಯಾವ ಸ್ಟೆರಾಯ್ಡ್? ಎಷ್ಟು? ಎಷ್ಟು ದಿನ? ನನ್ನ ದೇಹಕ್ಕೆ ಅದು ಆಗುತ್ತದೆಯೇ? ಕೊಡುವವರು ಈ ನಾಲ್ಕಕ್ಕೂ ಉತ್ತರ ಹೇಳಬೇಕು. ತೆಗೆದುಕೊಳ್ಳುವವರು ತಮ್ಮ ಸಕ್ಕರೆ, ಹೊಟ್ಟೆಹುಣ್ಣು, ಕ್ಷಯ, ಈಗಾಗಲೇ ನುಂಗುತ್ತಿರುವ ಗುಳಿಗೆ ಯಾವುದನ್ನೂ ಮುಚ್ಚಿಡಬಾರದು.

ಹೆಸರು ಕೇಳಿದ್ದಕ್ಕೇ ಬೇಡ ಎನ್ನಬೇಡಿ. ಗುಣವಾಯಿತೆಂದು ಇನ್ನೊಂದು ಕೊಡಿ ಎಂದೂ ಕೇಳಬೇಡಿ. ಬೇಕಾದವರಿಗೆ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಕೊಟ್ಟರೆ ಇದು ಒಳ್ಳೆಯ ಔಷಧ.